ಕಾವ್ಯವನ್ನು ಕಳೆದ ದುರಂತ: ಕುರೊಸಾವಾನ ‘ಮ್ಯಾಕ್‌ಬೆತ್’

ನಾಟಕವೊಂದು ಚಲನಚಿತ್ರವಾದಾಗ ಮೂಲದ ಯಾವ ಅಂಶ ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಪಟ್ಟಿಮಾಡುವುದು ತೌಲನಿಕ ಅಧ್ಯಯನದಲ್ಲಿ ರೂಢಿಯಾಗಿದೆ. ಅಕಿರಾ ಕುರೊಸಾವಾ 1957ರಲ್ಲಿ ನಿರ್ದೇಶಿಸಿದ ಕಪ್ಪು-ಬಿಳುಪು ಚಿತ್ರ ‘ಕುಮೊನೊಸು-ಜೊ’ (ಜೇಡರಬಲೆಯ ಕೋಟೆ) ಈ ರೂಢಿಯನ್ನು ಪ್ರಶ್ನಿಸುವಂತಿದೆ. ‘ಥ್ರೋನ್ ಆಫ್ ಬ್ಲಡ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಚಿತ್ರ ‘ಮ್ಯಾಕ್‌ಬೆತ್’ನ ಕಥಾಸೂತ್ರವನ್ನು ಬಹುಮಟ್ಟಿಗೆ ಅನುಸರಿಸುತ್ತದೆ, ಆದರೆ ಇದರ ಸಂಭಾಷಣೆ ಷೇಕ್ಸ್‌ಪಿಯರನ ಪದ್ಯದ ಅನುವಾದವಲ್ಲ. ಕಾವ್ಯವನ್ನು ಕಳೆದ ಮೇಲೆ ದುರಂತದ ಭಾರವನ್ನು ಹೊರುವುದು ಯಾವುದು? ಇದೇ ಇಲ್ಲಿ ನಮ್ಮ ವಿಚಾರ.

ಮೊದಲ ಉತ್ತರ ಜಪಾನಿನ ನೋ ರಂಗಭೂಮಿಯಲ್ಲಿದೆ. ಲೇಡಿ ಮ್ಯಾಕ್‌ಬೆತ್‌ಳ ಸ್ಥಾನದಲ್ಲಿರುವ ಅಸಾಜಿ (ಇಸುಜು ಯಮಾದಾ) ಮುಖವಾಡದಂತೆ ನಿಶ್ಚಲವಾದ ಮುಖದಿಂದ, ತಗ್ಗಿದ ದನಿಯಲ್ಲಿ ಮಾತನಾಡುತ್ತಾಳೆ. ಅವಳು ನಡೆದಾಗ ಕೇಳಿಬರುವುದು ಉಡುಪಿನ ಸರಬರ ಸದ್ದು ಮಾತ್ರ. ಒಡೆಯನ ಕೊಲೆ ನಮಗೆ ಕಾಣುವುದಿಲ್ಲ. ಕ್ಯಾಮೆರಾ ಕಾಯುತ್ತಿರುವ ಅಸಾಜಿಯೊಡನೆ ಉಳಿಯುತ್ತದೆ. ವಾಶಿಜು (ತೋಶಿರೊ ಮಿಫುನೆ) ರಕ್ತಸಿಕ್ತ ಭರ್ಜಿಯೊಡನೆ ಮರಳಿದಾಗ ಅವನ ಬಾಯಿಂದ ಮಾತು ಹೊರಡದು. ಮೂಲದಲ್ಲಿ ಸ್ವಗತ ಹೇಳಿದ್ದನ್ನು ಇಲ್ಲಿ ದೇಹದ ಬಿಗಿತವೂ ಮೌನವೂ ಹೇಳುತ್ತವೆ.

ಎರಡನೆಯ ಉತ್ತರ ಕಥೆಯ ಮಾರ್ಪಾಟಿನಲ್ಲಿದೆ. ಷೇಕ್ಸ್‌ಪಿಯರನ ಡಂಕನ್ ಸದ್ಗುಣಿಯಾದ ರಾಜ. ಚಿತ್ರದ ಒಡೆಯನಾದರೋ ತನ್ನ ಒಡೆಯನನ್ನು ಕೊಂದೇ ಅಧಿಕಾರಕ್ಕೆ ಬಂದವನು. ಅಸಾಜಿ ಇದನ್ನು ಗಂಡನಿಗೆ ನೆನಪಿಸುತ್ತಾಳೆ. ದಂಪತಿಗಳು ಕೊಲೆಯ ರಾತ್ರಿ ಇರುವ ಕೋಣೆಯ ಗೋಡೆಯಲ್ಲಿ ಹಿಂದಿನ ದ್ರೋಹಿಯೊಬ್ಬನ ರಕ್ತದ ಕಲೆ ಇನ್ನೂ ಮಾಸಿಲ್ಲ. ಹೀಗಾಗಿ ಪಾಪವು ಒಬ್ಬನ ಮಹತ್ವಾಕಾಂಕ್ಷೆಯಿಂದ ಹುಟ್ಟಿದ್ದೆನಿಸದೆ, ವ್ಯವಸ್ಥೆಯೊಂದರ ಆವರ್ತನವೆನಿಸುತ್ತದೆ. ಮೂವರು ಮಾಟಗಾತಿಯರ ಬದಲು ರಾಟೆ ತಿರುಗಿಸುತ್ತ ಕುಳಿತ ಒಂದೇ ಅರಣ್ಯಭೂತವಿರುವುದೂ ಈ ಅರ್ಥಕ್ಕೆ ಪೋಷಕವಾಗಿದೆ.

ಅಂತ್ಯವೂ ಇದಕ್ಕೆ ಅನುಗುಣವಾಗಿದೆ. ಮ್ಯಾಕ್‌ಬೆತ್ ಮ್ಯಾಕ್‌ಡಫ್‌ನ ಕೈಯಲ್ಲಿ ಸಾಯುತ್ತಾನೆ, ಮಾಲ್ಕಮ್ ರಾಜನಾಗುತ್ತಾನೆ, ಸುವ್ಯವಸ್ಥೆ ಮರಳುತ್ತದೆ. ವಾಶಿಜುವನ್ನು ಕೊಲ್ಲುವುದು ಅವನದೇ ಸೈನಿಕರ ಬಾಣಗಳು. ಹೊಸ ರಾಜನ ಪಟ್ಟಾಭಿಷೇಕವನ್ನು ಚಿತ್ರ ತೋರಿಸುವುದಿಲ್ಲ. ಆರಂಭದಲ್ಲಿ ಕಂಡ ಮಂಜು, ಕೋಟೆಯಿದ್ದ ಬಯಲು, ಮೇಳದ ಹಾಡು ಮತ್ತೆ ಬರುತ್ತವೆ.

ಈ ಲಾಭಕ್ಕೆ ಚಿತ್ರ ತೆತ್ತ ಬೆಲೆಯನ್ನೂ ನಾವು ಗಮನಿಸಬೇಕು. ತಾನು ಕಳೆದುಕೊಂಡದ್ದೇನೆಂದು ಮ್ಯಾಕ್‌ಬೆತ್ ಬಲ್ಲ. ಆ ಅರಿವೇ ಅವನನ್ನು ಕೊಲೆಗಡುಕನಾಗಿಯೂ ದುರಂತನಾಯಕನನ್ನಾಗಿ ಉಳಿಸುತ್ತದೆ. ಮಗು ಸತ್ತು ಹುಟ್ಟಿತೆಂದು ತಿಳಿದ ವಾಶಿಜು ಒಬ್ಬನೇ ಕುಳಿತು ತನ್ನನ್ನು ಮೂರ್ಖನೆಂದು ಜರೆದುಕೊಳ್ಳುವುದರಲ್ಲಿ ಆ ಅರಿವಿನ ಒಂದು ಕಿಡಿಯಿದೆ, ಅಷ್ಟೆ. ಅವನ ಬಗ್ಗೆ ನಮ್ಮಲ್ಲಿ ಭಯ ಹುಟ್ಟುವಷ್ಟು ಮರುಕ ಹುಟ್ಟುವುದಿಲ್ಲ.

ರೂಪಾಂತರದ ಪ್ರಶ್ನೆ ಕನ್ನಡಕ್ಕೆ ಹೊಸತಲ್ಲ. ಕುವೆಂಪು ‘ರಕ್ತಾಕ್ಷಿ’ಯಲ್ಲಿ ‘ಹ್ಯಾಮ್ಲೆಟ್’ಅನ್ನು ಬಿದನೂರಿನ ಚರಿತ್ರೆಯ ಆವರಣಕ್ಕೆ ತಂದರು. ಇಂಥ ಕೃತಿಗಳನ್ನು ಮೂಲನಿಷ್ಠೆಯೊಂದರಿಂದಲೇ ಅಳೆದರೆ ನಮಗೆ ದೊರೆಯುವುದು ಲೋಪಗಳ ಪಟ್ಟಿ ಮಾತ್ರ. ಹೊಸ ನೆಲದಲ್ಲಿ ಪಾಪದ ಹೊಣೆ ಯಾರ ಮೇಲೆ ಬಿತ್ತು ಎಂದು ಕೇಳಿದಾಗ ರೂಪಾಂತರಕಾರನ ನಿಜವಾದ ನಿರ್ಧಾರ ಗೋಚರಿಸುತ್ತದೆ. ಕುರೊಸಾವಾನ ಚಿತ್ರ ಆ ಪ್ರಶ್ನೆಯನ್ನು ನಮಗೆ ಕಲಿಸುತ್ತದೆ.