ಒಂದು ‘ಹಾಗಾಗಿ’ಯ ತೂಕ

ಅತಿ ಸಣ್ಣ ಕತೆಯ ಮಾತು ಬಂದಲ್ಲೆಲ್ಲ ಹೆಮಿಂಗ್ವೆಯ ಹೆಸರು ಹೊತ್ತ ಆರು ಪದಗಳ ಒಂದು ಕತೆ ಎದುರಿಗೆ ಬಂದು ನಿಲ್ಲುತ್ತದೆ. ಯಾವ ಕೂಸೂ ತೊಡದ ಪುಟ್ಟ ಬೂಟುಗಳು ಮಾರಾಟಕ್ಕಿವೆ ಎಂಬ ಜಾಹೀರಾತು ಅದು. ಕಥಾಕಮ್ಮಟಗಳಲ್ಲಿ ಅದನ್ನು ಮಾದರಿಯೆಂದು ತೋರಿಸುತ್ತಾರೆ. ಹೆಮಿಂಗ್ವೆ ಅದನ್ನು ಬರೆದನೆಂಬುದಕ್ಕೆ ಆಧಾರವಿಲ್ಲ. ಅಂಥ ಜಾಹೀರಾತು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಮೆರಿಕದ ಪತ್ರಿಕೆಗಳಲ್ಲಿ ಬಂದಿತ್ತು. ಅವನು ತೀರಿಕೊಂಡದ್ದು 1961ರಲ್ಲಿ, ಅವನ ಹೆಸರು ಅದಕ್ಕೆ ಅಂಟಿ ಅಚ್ಚಿನಲ್ಲಿ ಕಾಣುವುದು 1991ರ ಸುಮಾರಿಗೆ. ಕತೆ ಚೆನ್ನಾಗಿದ್ದರೆ ಯಾರು ಬರೆದರೇನು ಎನ್ನಬಹುದು. ನನ್ನ ತಕರಾರು ಇರುವುದೇ ಅಲ್ಲಿ: ಅದು ಚೆನ್ನಾಗಿಲ್ಲ. ಕೂಸು ಉಳಿಯಲಿಲ್ಲವೆಂದು ಒಮ್ಮೆ ಹೊಳೆದರೆ ಮುಗಿಯಿತು, ಎರಡನೆಯ ಓದಿಗೆ ಏನೂ ಮಿಗುವುದಿಲ್ಲ. ಹೆತ್ತವರ ದುಃಖವನ್ನು ನಾವೇ ತಂದು ಅದರೊಳಗೆ ಸುರಿಯುತ್ತೇವೆ, ಹೊಗಳಿಕೆ ಮಾತ್ರ ಕತೆಗೆ ಸಲ್ಲುತ್ತದೆ.

ಇನ್ನೊಂದು ಬೂಟಿನ ಕತೆಯಿದೆ. ಉರ್ದು ಕತೆಗಾರ ಸಾದತ್ ಹಸನ್ ಮಂಟೋ 1948ರಲ್ಲಿ ಲಾಹೋರಿನಿಂದ ಪ್ರಕಟಿಸಿದ ‘ಸಿಯಾಹ್ ಹಾಶಿಯೇ’ (ಕಪ್ಪು ಅಂಚುಗಳು) ಸಂಗ್ರಹದಲ್ಲಿ ಅದು ಬರುತ್ತದೆ, ಹೆಸರು ‘ಜೂತಾ’. ವಿಭಜನೆಯ ಗಲಭೆಗಳ ಬಗ್ಗೆ ಬರೆದ 32 ತುಣುಕುಗಳ ಈ ಪುಸ್ತಕದಲ್ಲಿ ಕೆಲವು ಕತೆಗಳು ಒಂದೆರಡು ಸಾಲಿಗೇ ಮುಗಿಯುತ್ತವೆ. ‘ಟೋಬಾ ಟೇಕ್ ಸಿಂಗ್’, ‘ಖೋಲ್ ದೋ’ ಬಲ್ಲ ನಮ್ಮ ಓದುಗರು ಈ ಪುಸ್ತಕವನ್ನು ಆ ದೊಡ್ಡ ಕತೆಗಳಿಗೆ ಮಾಡಿಕೊಂಡ ಟಿಪ್ಪಣಿಯಂತೆ ಕಂಡಿದ್ದಾರೆ. ಅದು ಅನ್ಯಾಯ.

‘ಜೂತಾ’ದಲ್ಲಿ ನಡೆಯುವುದಿಷ್ಟು. ಗುಂಪೊಂದು ದಿಕ್ಕು ಬದಲಿಸಿ ಸರ್ ಗಂಗಾರಾಮ್ ಪ್ರತಿಮೆಯ ಮೇಲೆ ಬೀಳುತ್ತದೆ. ಕೋಲು, ಇಟ್ಟಿಗೆ, ಕಲ್ಲು. ಒಬ್ಬ ಮುಖಕ್ಕೆ ಡಾಂಬರು ಬಳಿಯುತ್ತಾನೆ. ಇನ್ನೊಬ್ಬ ಹಳೆಯ ಜೋಡುಗಳನ್ನು ಪೋಣಿಸಿ ಹಾರ ಮಾಡಿ ಕೊರಳಿಗೆ ಹಾಕಲು ಮುಂದಾಗುತ್ತಾನೆ. ಪೊಲೀಸರು ಬರುತ್ತಾರೆ, ಗುಂಡು ಹಾರುತ್ತದೆ, ಹಾರ ಹಾಕಹೊರಟವನಿಗೆ ಗಾಯವಾಗುತ್ತದೆ. ಮುಲಾಮು ಪಟ್ಟಿಗೆಂದು ಅವನನ್ನು ಕಳಿಸುವುದು ಸರ್ ಗಂಗಾರಾಮ್ ಆಸ್ಪತ್ರೆಗೆ.

ಇಷ್ಟಕ್ಕೇ ನಕ್ಕು ಮುಂದೆ ಹೋದವರು ಕತೆಯ ಅರ್ಧ ಮಾತ್ರ ಓದಿದ್ದಾರೆ. ಕೊನೆಯ ವಾಕ್ಯ ಉರ್ದುವಿನಲ್ಲಿ ‘ಚುನಾಂಚೆ’ ಎಂದು ಶುರುವಾಗುತ್ತದೆ. ಹಾಗಾಗಿ, ಆದ್ದರಿಂದ ಎಂದರ್ಥ. ಅಲ್ಲಿ ‘ಆದರೆ’ ಎಂದು ಹಾಕಿ ನೋಡಿ. ‘ಆದರೆ ಅವನನ್ನು ಅದೇ ಆಸ್ಪತ್ರೆಗೆ ಒಯ್ದರು’ ಎಂದೊಡನೆ ಕತೆಗಾರ ನಮ್ಮ ಭುಜ ತಟ್ಟಿ, ವಿಪರ್ಯಾಸ ಗಮನಿಸಿದಿರಾ ಎಂದಂತಾಗುತ್ತದೆ. ‘ಹಾಗಾಗಿ’ ಎಂದರೆ ಅದು ಠಾಣೆಯ ದಿನಚರಿಯ ಭಾಷೆ: ಗಾಯವಾಯಿತು, ಹಾಗಾಗಿ ಆಸ್ಪತ್ರೆ. ಬರೆಯುವ ಗುಮಾಸ್ತನಿಗೆ ಅಲ್ಲಿ ಏನೂ ವಿಶೇಷ ಕಂಡಿಲ್ಲ. ಅವನಿಗೆ ಕಾಣದ್ದು ನಮಗೆ ಕಾಣುತ್ತದೆ, ಕಂಡ ಮೇಲೆ ಅದರ ಹೊಣೆಯೂ ನಮ್ಮದೇ.

ಗಂಗಾರಾಮ್ ಎಂಬ ಹೆಸರು ಎರಡು ಸಲ ಬರುವ ಬಗೆಯನ್ನೂ ನೋಡಬೇಕು. ಲಾಹೋರಿನ ಎಷ್ಟೋ ಕಟ್ಟಡಗಳ ಹಿಂದಿದ್ದ ಇಂಜಿನಿಯರ್ ಅವರು, 1927ರಲ್ಲಿ ತೀರಿಕೊಂಡರು. ಮೊದಲ ಸಲ ಆ ಹೆಸರಿಗೆ ಮುಖವಿದೆ, ಕೊರಳಿದೆ. ಡಾಂಬರು ಬಳಿಯಬಹುದು, ಹಾರ ಹಾಕಬಹುದು. ಎರಡನೆಯ ಸಲ ಅದು ಬರೀ ಒಂದು ಕಟ್ಟಡದ ವಿಳಾಸ. ಕೊರಳಿಲ್ಲದ್ದಕ್ಕೆ ಯಾವ ಹಾರ ಹಾಕುವುದು? ಊರಿನಿಂದ ಒಂದು ಹೆಸರನ್ನು ಅಳಿಸಹೊರಟವನ ಮೈಗೆ ಆ ಹೆಸರೇ ಪಟ್ಟಿ ಸುತ್ತುತ್ತದೆ. ಆ ಆಸ್ಪತ್ರೆ ಇವತ್ತಿಗೂ ಲಾಹೋರಿನಲ್ಲಿ ಅದೇ ಹೆಸರಿನಲ್ಲಿದೆ.

ಉರ್ದುವಿನ ಪ್ರಗತಿಶೀಲ ಲೇಖಕರ ಬಳಗದವರು ಈ ಪುಸ್ತಕವನ್ನು ಜರೆದರು. ರಕ್ತದ ನಡುವೆ ಚಟಾಕಿ ಹಾರಿಸಿದ, ಹೆಣಗಳ ಜೇಬು ತಡಕಿದ ಎಂಬ ಮಾತುಗಳು ಮಂಟೋನನ್ನು ಎಷ್ಟು ನೋಯಿಸಿದವೆಂದರೆ ಆ ನೋವನ್ನು ಅವನೇ ಬರೆದಿಟ್ಟಿದ್ದಾನೆ. ಮುನ್ನುಡಿ ಬರೆದ ಮುಹಮ್ಮದ್ ಹಸನ್ ಅಸ್ಕರಿ, ಇಲ್ಲಿ ಯಾರು ಪೀಡಕ, ಯಾರು ಪೀಡಿತ ಎಂಬ ತೀರ್ಪಿಲ್ಲ, ಅದೇ ಇದರ ಹೆಚ್ಚುಗಾರಿಕೆ ಎಂಬ ಧಾಟಿಯಲ್ಲಿ ವಾದಿಸಿದ. ಬೈದವರಿಗೂ ಹೊಗಳಿದವನಿಗೂ ಒಂದೇ ನಂಬಿಕೆ: ಕತೆ ತೀರ್ಪು ಕೊಡುತ್ತಿಲ್ಲ. ಇಬ್ಬರೂ ತಪ್ಪಿದ್ದಾರೆ. ತೀರ್ಪು ಇದೆ, ‘ಹಾಗಾಗಿ’ಯೊಳಗೆ ಇದೆ. ಹೊಡೆಯಲು ಬಂದವನನ್ನೂ ಆಸ್ಪತ್ರೆ ಸೇರಿಸಿಕೊಳ್ಳುವುದು ಸಹಜ, ಅದಕ್ಕೆ ವಿವರಣೆ ಬೇಡ ಎನ್ನುವುದಕ್ಕಿಂತ ದೊಡ್ಡ ನೈತಿಕ ಮಾತು ಆ ವರ್ಷ ಇನ್ನೇನಿತ್ತು?

ನಮ್ಮಲ್ಲಿ ಅತಿ ಸಣ್ಣ ಕತೆಯ ಪರ ವಕಾಲತ್ತು ವಹಿಸುವವರೊಂದಿಗೂ ನನಗೆ ಜಗಳವಿದೆ. ಎಸ್. ದಿವಾಕರ್ ಅವರು ಜಗತ್ತಿನ ಅತಿ ಸಣ್ಣ ಕತೆಗಳನ್ನು ಕನ್ನಡಕ್ಕೆ ತಂದ ಮೇಲಾದರೂ ಇಲ್ಲಿನ ಚರ್ಚೆ ಬೆಳೆಯಬೇಕಿತ್ತು. ‘ಜನರಿಗೆ ಪುರುಸೊತ್ತಿಲ್ಲ, ಬಸ್ಸು ಬರುವಷ್ಟರಲ್ಲಿ ಓದಬಹುದು’ ಎಂಬ ವಾದ ಇನ್ನೂ ಕೇಳಿಸುತ್ತದೆ. ‘ಜೂತಾ’ ಓದಲು ಒಂದು ನಿಮಿಷ ಸಾಕು. ಆ ‘ಹಾಗಾಗಿ’ ನನಗೆ ಕಂಡದ್ದು ವರ್ಷಗಳ ಮೇಲೆ. ಅತಿ ಸಣ್ಣ ಕತೆ ಪುರುಸೊತ್ತು ಉಳಿಸುತ್ತದೆ ಎನ್ನುವವರು ಅದನ್ನು ಒಂದೇ ಸಲ ಓದುವವರು.

ಪುಸ್ತಕದ ಎಲ್ಲ ತುಣುಕುಗಳೂ ಈ ಎತ್ತರಕ್ಕೆ ಏರುವುದಿಲ್ಲ. ‘ಉಲಾಹನಾ’ದಲ್ಲಿ ಒಬ್ಬ ದೂರುತ್ತಾನೆ: ಕಾಳಸಂತೆಯ ಬೆಲೆ ಕೊಟ್ಟು ಕೊಂಡ ಪೆಟ್ರೋಲಿನಿಂದ ಒಂದು ಅಂಗಡಿಯೂ ಸುಡಲಿಲ್ಲವಂತೆ. ಬೂಟಿನ ಜಾಹೀರಾತಿನ ಹಾಗೆ ಇದೂ ಒಂದೇ ಏಟಿಗೆ ಮುಗಿಯುತ್ತದೆ. ಆದರೆ ಇದೇ ಪುಸ್ತಕದ ‘ಜೂತಾ’ ನಮಗೆ ಅಳತೆಗೋಲು ಕೊಡುತ್ತದೆ. ಕತೆಗೆ ಎಷ್ಟು ಪದ ಎಂದು ಎಣಿಸುವುದನ್ನು ಬಿಟ್ಟು, ಯಾವ ಒಂದು ಪದ ಬದಲಿಸಿದರೆ ಕತೆ ಕುಸಿಯುತ್ತದೆ ಎಂದು ಕೇಳೋಣ. ಬೂಟಿನ ಜಾಹೀರಾತಿನಲ್ಲಿ ಬೂಟಿನ ಬದಲು ತೊಟ್ಟಿಲು ಇಟ್ಟರೂ ನಡೆದೀತು. ಮಂಟೋನ ‘ಹಾಗಾಗಿ’ಯನ್ನು ಅಲುಗಿಸಿದರೆ ಗಂಗಾರಾಮ್ ಆಸ್ಪತ್ರೆಯ ಬಾಗಿಲೇ ಮುಚ್ಚಿಹೋಗುತ್ತದೆ.