ವೇದಿಕೆ ಇಳಿಯಲಿ ಹೆರಿಗೆ ಡಾಕ್ಟರು

ಹದಿಹರೆಯದ ಹುಡುಗಿಯರಿಗೆ ಆರೋಗ್ಯದ ತಿಳಿವಳಿಕೆ ಕೊಡಬೇಕೆಂದರೆ ಸ್ತ್ರೀರೋಗ ತಜ್ಞೆಯನ್ನೇ ಶಾಲೆಗೆ ಕರೆಸಬೇಕು ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಮಾತು. ಬ್ಯಾನರ್, ಶಾಲು, ಹಾರ, ಮುಕ್ಕಾಲು ಗಂಟೆಯ ಉಪನ್ಯಾಸ, ಗ್ರೂಪ್ ಫೋಟೊ. ‘ಏನರ ಕೇಳೋದಿದ್ರ ಕೇಳ್ರವಾ’ ಎಂದರೆ ಒಂದು ಕೈಯೂ ಮೇಲೇಳುವುದಿಲ್ಲ. ಹೇಗೆ ಎದ್ದೀತು? ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ತರರೂ ಎಸ್‌ಡಿಎಂಸಿ ಅಧ್ಯಕ್ಷರೂ ಕುಂತಿರುತ್ತಾರೆ.

ಸಿಂಧನೂರು ತಾಲ್ಲೂಕಿನ ಜವಳಗೇರಾದಂಥ ಊರನ್ನೇ ನೋಡಿ. ತಜ್ಞೆ ಬೇಕೆಂದರೆ ಸಿಂಧನೂರಿಗೆ ಹೋಗಬೇಕು. ಮದುವೆಯಾಗದ ಹುಡುಗಿ ‘ಹೆರಿಗಿ ಡಾಕ್ಟರ್’ ಬಾಗಿಲಲ್ಲಿ ಕುಂತದ್ದು ಊರಿನವರ ಕಣ್ಣಿಗೆ ಬಿದ್ದರೆ, ಅವಳ ಬಸ್ಸಿಗಿಂತ ಮೊದಲು ಸುದ್ದಿ ಊರು ಸೇರುತ್ತದೆ. ಮುಟ್ಟು ನಿಂತು ಮೂರು ತಿಂಗಳಾದರೂ ತಾಯಿ ಬಾಯಿ ಬಿಡದಿರುವುದನ್ನು ನಾವು ಅಜ್ಞಾನ ಎನ್ನುತ್ತೇವೆ. ಅಲ್ಲ, ಮಗಳಿಗೆ ಗಂಡು ನೋಡಬೇಕಾದವಳ ಲೆಕ್ಕಾಚಾರ ಅದು. ಇನ್ನು ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನೆಲ್ಲು ಹಚ್ಚಲು ಹೋಗುವ, ಆಮೇಲೆ ಹತ್ತಿ ಬಿಡಿಸಲು ಹೋಗುವ ಹುಡುಗಿಗೆ ಶಾಲೆಯ ಉಪನ್ಯಾಸ ಸಿಗುವುದೇ ಇಲ್ಲ. ಕೆಸರುಗದ್ದೆಯಲ್ಲಿ ದಿನವಿಡೀ ನಿಂತವಳು ಬಟ್ಟೆ ಬದಲಿಸುವುದೆಲ್ಲಿ ಎಂಬ ಪ್ರಶ್ನೆಗೆ ಯಾವ ಸ್ಲೈಡಿನಲ್ಲೂ ಉತ್ತರವಿಲ್ಲ.

ರಕ್ತಹೀನತೆಯನ್ನೇ ತೆಗೆದುಕೊಳ್ಳಿ. ವಾರಕ್ಕೊಂದು ನೀಲಿ ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ, ಮರುದಿನ ಕಪ್ಪು ಮಲ. ‘ಗುಳಿಗಿ ಮೈಗೆ ಆಗಿಬರಲ್ಲ’ ಎಂದು ಅವ್ವ ತೀರ್ಪು ಕೊಟ್ಟರೆ ಮುಂದಿನ ಮಾತ್ರೆ ಕಿಟಕಿಯಾಚೆ. ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರ ರಕ್ತಹೀನತೆ, ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 54.1 ಇದ್ದದ್ದು ಐದನೆಯದರಲ್ಲಿ (2019–21) ಶೇ 59.1ಕ್ಕೆ ಏರಿತು. ‘ಉಂಡಮೇಲೆ ನುಂಗು, ಚಹಾ ತಾಸು ಬಿಟ್ಟು ಕುಡಿ, ಕಪ್ಪಾದರೆ ಹೆದರಬೇಡ’ ಎನ್ನಲು ಎಂ.ಡಿ. ಬೇಕಿಲ್ಲ, ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಸಾಕು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ ಓರಗೆಯವರ ಮೂಲಕ ಕಲಿಸುವ ದಾರಿಯನ್ನೇ ಹಿಡಿದದ್ದು.

ಹಾಗಾದರೆ ತಜ್ಞೆ ಬೇಡವೇ? ಬೇಕು, ಆದರೆ ಬೇರೆ ಕಡೆ. ಯಾವ ಹೊಟ್ಟೆನೋವು ಸಹಜ, ಎಷ್ಟು ರಕ್ತ ಹೋದರೆ ಅಪಾಯ, ಯಾರನ್ನು ತಡಮಾಡದೆ ಕಳಿಸಬೇಕು ಎಂದು ಆಶಾಗೂ ಶಿಕ್ಷಕಿಗೂ ತಿದ್ದಿ ಕಲಿಸುವವಳು ಅವಳೇ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14ರ ವಯಸ್ಸು ಯಾಕೆ ಸೂಕ್ತ ಎಂದು ಅವಳು ಹೇಳಬೇಕಾದದ್ದು ಹುಡುಗಿಯರಿಗಲ್ಲ, ಬೇಡ ಎನ್ನುವ ಅಪ್ಪಂದಿರಿಗೆ.

ಬಾಲ್ಯವಿವಾಹವಾಗಿ ಬಸಿರಾದ ಹದಿನೇಳರ ಹುಡುಗಿಯ ವಿಷಯದಲ್ಲಂತೂ ತಜ್ಞೆಗೆ ಬದಲಿಯೇ ಇಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆದರೆ ಹುಡುಗಿಯೂ ಪೋಷಕರೂ ಕೋರಿದರೆ, ಗರ್ಭಪಾತದ ಪ್ರಕರಣದಲ್ಲಿ ವೈದ್ಯರು ಅವಳ ಹೆಸರು ಹೇಳಬೇಕಿಲ್ಲ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ತಿಳಿಯದೆ ಹೆದರಿದ ಮನೆಯವರು ನಕಲಿ ವೈದ್ಯನ ಕೈಗೆ ಬೀಳುತ್ತಾರೆ. ಹೆರಿಗೆ ವಾರ್ಡಿನಿಂದ ದೂರದ ಒಂದು ಕೋಣೆ, ಒಳಗೆ ಹುಡುಗಿ ಒಬ್ಬಳೇ ಬಂದು ಮಾತಾಡುವ ಅವಕಾಶ: ಬ್ಯಾನರಿನ ದುಡ್ಡು ಮೊದಲು ಇದಕ್ಕೆ ಹೋಗಲಿ.