ಕೊರವ ಮೀನೂ ಕ್ಯುವಿಯೇ ಸಾಹೇಬರೂ

ಮೀನು ನೀರಿನಾಗ ಮುಳುಗಿ ಸಾಯ್ತದ ಅಂದ್ರ ನಗ್ತೀರಿ. ಕೊರವ ಮೀನು, ಅಂದ್ರೆ ಮುರ್ರೆಲ್, ಖರೇನ ಸಾಯ್ತದ. ಮ್ಯಾಲ ಬಂದು ಗಾಳಿ ಕುಡಿಯೋಕೆ ಬಿಡದಿದ್ರೆ ಅದರ ಕಥಿ ಮುಗೀತು.

ಈ ಮೀನಿನ ವಿಷಯದಲ್ಲಿ ಎಡವಿದವರು ಸಣ್ಣವರಲ್ಲ. ತೌಲನಿಕ ಅಂಗರಚನಾಶಾಸ್ತ್ರದ ದೊಡ್ಡ ಗುರು, ಪ್ಯಾರಿಸ್ಸಿನ ಜಾರ್ಜ್ ಕ್ಯುವಿಯೇ. 1817ರ ತಮ್ಮ ಗ್ರಂಥದಲ್ಲಿ ಅವರು ಬೆನ್ನೆಲುಬಿನ ಪ್ರಾಣಿಗಳನ್ನು ಸಸ್ತನಿ, ಪಕ್ಷಿ, ಸರೀಸೃಪ, ಮೀನು ಎಂದು ನಾಲ್ಕು ಪಾಲು ಮಾಡಿದರು. ಕಪ್ಪೆಯೂ ಆಗ ಸರೀಸೃಪದ ಲೆಕ್ಕಕ್ಕೇ. ಸರೀಸೃಪಕ್ಕೆ ಶ್ವಾಸಕೋಶ, ಮೀನಿಗೆ ಕಿವಿರು. ಗೆರೆ ಸ್ಪಷ್ಟ.

ಆದರೆ ಕೊರವದ ತಲೆ ಹಾವಿನ ತಲೆಯಂಗ. ಕಿವಿರಿನ ಮೇಲೆ ಒಂದು ಪುಟ್ಟ ಕೋಣೆ ಬೇರೆ. ಇದು ಯಾಕೆ? ವಾಲನ್ಸಿಯೆನ್ ಜೊತೆ ಬರೆದ ಮೀನುಗಳ ಮಹಾಗ್ರಂಥದ 1831ರ ಸಂಪುಟದಲ್ಲಿ ಕ್ಯುವಿಯೇ ವಿವರಣೆ ಹೀಗೆ: ಇಂಥ ಕೋಣೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮೀನು ದಡಕ್ಕೆ ಬಂದಾಗ ಕಿವಿರು ಒಣಗುವುದಿಲ್ಲ. ತರ್ಕ ಚಲೋ ಐತಿ. ಮೀನಿಗೆ ಕಿವಿರು, ಕಿವಿರಿಗೆ ನೀರು, ಹಂಗಾದ್ರ ಕೋಣೆ ಅಂದ್ರ ನೀರಿನ ಟ್ಯಾಂಕು. ಕೆಟ್ಟದ್ದು ಮೊದಲ ಸಾಲಿನಲ್ಲೇ.

ಮದ್ರಾಸ್ ಸೈನ್ಯದ ವೈದ್ಯ ಫ್ರಾನ್ಸಿಸ್ ಡೇ ಇಂಥ ಮೀನುಗಳನ್ನು ಜೀವಂತ ಇಟ್ಟುಕೊಂಡು ನೋಡಿದರು. ಅವು ನೇರ ಗಾಳಿಯನ್ನೇ ಉಸಿರಾಡುತ್ತವೆ ಎಂದು 1868ರಲ್ಲಿ ಬರೆದರು. ಕೋಣೆಯ ಒಳಪದರದ ತುಂಬಾ ರಕ್ತನಾಳಗಳು. ಕೆಲಸ ಶ್ವಾಸಕೋಶದ್ದು, ಮೈ ಮೀನಿನದು. ನಮ್ಮ ಕಸುಬಿನ ಮಾತಿನಲ್ಲಿ ಹೇಳೋದಾದ್ರೆ, ಕ್ಯುವಿಯೇ ಕೋಡ್ ಚೆನ್ನಾಗೇ ಓದಿದ್ರು, ರನ್ ಮಾಡಿ ನೋಡ್ಲಿಲ್ಲ. ನೋಡೋದಾದ್ರೂ ಹ್ಯಾಂಗ? ಅವರು ಭಾರತಕ್ಕೆ ಬಂದವರೇ ಅಲ್ಲ. ಮುಂದಿದ್ದದ್ದು ಶೀಶೆಯೊಳಗಿನ ಸತ್ತ ಮೀನು.

ಅವರನ್ನು ಬೈಯೋದು ಸುಲಭ. ಆದರೆ ಅದೇ ಗೆರೆ ನಮ್ಮ ಪರೀಕ್ಷೆಗಳಲ್ಲಿ ಇನ್ನೂ ಅಳಿಸಿಲ್ಲ. 'ಮೀನು ಮತ್ತು ಸರೀಸೃಪಗಳ ವ್ಯತ್ಯಾಸ ಬರೆಯಿರಿ' ಅಂದ ಕೂಡಲೇ ಕಿವಿರು ಒಂದು ಕಡೆ, ಶ್ವಾಸಕೋಶ ಇನ್ನೊಂದು ಕಡೆ, ಎರಡು ಮಾರ್ಕ್ಸು. ಪಟ್ಟಿ ಪೂರ್ತಿ ಸುಳ್ಳಲ್ಲ, ಅರ್ಧ ಮಾತ್ರ. ಘಟಪ್ರಭಾ, ಮಲಪ್ರಭಾ ದಂಡೆಯ ಹಿಡಿಯೋರಿಗೂ ಮಾರೋರಿಗೂ ಕೊರವ ನಾಕು ಬೆರಳು ನೀರಿನಾಗೂ ಜೀವ ಹಿಡೀತದ ಅನ್ನೋದು ದಿನದ ವ್ಯವಹಾರ. ಅವರ ಮಕ್ಕಳೇ ಶಾಲ್ಯಾಗ ಆ ಅರ್ಧ ಪಟ್ಟಿ ಬಾಯಿಪಾಠ ಮಾಡ್ತಾರ.

ಹುನಗುಂದದ ಕಡೆಯ ಹುಡುಗನೊಬ್ಬ ಎದ್ದು, "ಸರ, ಕೊರವ ಮ್ಯಾಲ ಬಂದು ಗಾಳಿ ಕುಡೀತದಲ್ರಿ?" ಅಂತ ಕೇಳಿದ್ರೆ "ಕುಂದರು" ಅನ್ನಬ್ಯಾಡ್ರಿ. ಅದು ಕ್ಯುವಿಯೇಗೇ ಹೊಳೆಯದೆ ಹೋದ ಪ್ರಶ್ನೆ.